ಕಡಲಾಚೆಯ ಪಿಂಚಣಿದಾರರನ್ನು ಸಿಮ್ ಕಾರ್ಡಿನಿಂದ ಬಿಡಿಸಿ

ಗೆ,
ಗವರ್ನರ್, ಭಾರತೀಯ ರಿಸರ್ವ್ ಬ್ಯಾಂಕ್
ಕಾರ್ಯದರ್ಶಿಗಳು, ಪಿಂಚಣಿ ಮತ್ತು ಪಿಂಚಣಿದಾರರ ಕಲ್ಯಾಣ ಇಲಾಖೆ
ಕಾರ್ಯದರ್ಶಿಗಳು, ದೂರಸಂಪರ್ಕ ಇಲಾಖೆ
ಕಾರ್ಯದರ್ಶಿಗಳು, ವಿದೇಶಾಂಗ ಸಚಿವಾಲಯ
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರ

ವಿಷಯ: ನಿವೃತ್ತಿಯ ನಂತರ ವಿದೇಶದಲ್ಲಿ ನೆಲೆಸಿದವರ ಪಿಂಚಣಿ, ಬ್ಯಾಂಕ್ ಖಾತೆ, ಕುಟುಂಬ ಸಂಪರ್ಕ ಎಲ್ಲವೂ ಒಂದೇ ಮೊಬೈಲ್ ಸಂಖ್ಯೆಗೆ ಕಟ್ಟುಬಿದ್ದಿರುವ ಬಗ್ಗೆ.

ಮಾನ್ಯರೇ,

ಐದು ಕಚೇರಿಗಳಿಗೆ ಸೇರಿಸಿ ಒಂದೇ ಪತ್ರ ಬರೆಯುವುದು ಸರ್ಕಾರಿ ಪದ್ಧತಿಗೆ ಒಗ್ಗುವಂಥದ್ದಲ್ಲ ಎಂಬುದು ನಮಗೆ ಗೊತ್ತು. ಆದರೆ ಬಿಡಿಬಿಡಿಯಾಗಿ ಬರೆದರೆ ಐದೂ ಕಡೆಯಿಂದ ಒಂದೇ ಉತ್ತರ ಬರುತ್ತದೆ: ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅವರವರ ಮಟ್ಟಿಗೆ ಆ ಉತ್ತರ ಸರಿಯೂ ಹೌದು. ಬಳಸದ ಸಿಮ್ ರದ್ದಾಗಬೇಕು ಎನ್ನುವುದರಲ್ಲಿ ತಪ್ಪಿಲ್ಲ. ಹಣ ಕಳಿಸುವಾಗ ಒಟಿಪಿ ಬೇಕು ಎನ್ನುವುದರಲ್ಲಿ ತಪ್ಪಿಲ್ಲ. ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಖಾತ್ರಿ ಮಾಡಿಕೊಳ್ಳುವುದಂತೂ ಸಾರ್ವಜನಿಕ ಹಣದ ಕಾವಲು. ಈ ಮೂರು ಸರಿಗಳೂ ಒಂದೇ ಮನುಷ್ಯನ ಮೇಲೆ, ಅದೂ ಎಪ್ಪತ್ತು ದಾಟಿ ಮಕ್ಕಳ ಮನೆ ಸೇರಿಕೊಂಡವರ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ನೋಡುವ ಕಚೇರಿ ಮಾತ್ರ ಯಾವುದೂ ಇಲ್ಲ. ವಿದೇಶದಲ್ಲಿರುವ ನಿವೃತ್ತರ ಪಿಂಚಣಿ ಹಾಗೂ ಬ್ಯಾಂಕ್ ಕಾಗದಪತ್ರಗಳಲ್ಲಿ ನೆರವಾಗುವವರು ನಾವು. ಮತ್ತೆ ಮತ್ತೆ ಕಾಣುವುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಹೋಗುವ ದಾರಿ ಈಗ ಮೊದಲಿಗಿಂತ ಸಲೀಸು. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಂದು ಪ್ರವೇಶಕ್ಕೆ ಐದು ವರ್ಷದವರೆಗೆ ಇರಬಹುದು. ಆಸ್ಟ್ರೇಲಿಯಾದಲ್ಲಿ ಪೋಷಕರಿಗೆಂದೇ ಮೂರು ಇಲ್ಲವೇ ಐದು ವರ್ಷದ ಪ್ರಾಯೋಜಿತ ವೀಸಾ ಇದೆ. ಯುಎಇ 55 ದಾಟಿದ ನಿವೃತ್ತರಿಗೆ ಐದು ವರ್ಷದ ವೀಸಾ ಕೊಡುತ್ತದೆ. ಅಂದರೆ ಆರು ತಿಂಗಳು ಮೊಮ್ಮಗುವನ್ನು ನೋಡಿಕೊಂಡು ಹಿಂತಿರುಗುವವರ ಮಾತಲ್ಲ ಇದು. ಮನೆ ಬಾಡಿಗೆಗೆ ಕೊಟ್ಟು, ಇಳಿವಯಸ್ಸನ್ನು ಅಲ್ಲೇ ಕಳೆಯಲು ಹೋಗುವವರ ಮಾತು. ಇವರ ಪಿಂಚಣಿ, ಠೇವಣಿ, ಬಾಡಿಗೆ, ತೆರಿಗೆ ಎಲ್ಲವೂ ಭಾರತದಲ್ಲೇ ಇವೆ. ಅವುಗಳ ಬಾಗಿಲು ತೆರೆಯುವ ಕೀಲಿ ಎಂದರೆ ಹತ್ತಂಕಿಯ ಒಂದು ಮೊಬೈಲ್ ಸಂಖ್ಯೆ.

ಆ ಸಂಖ್ಯೆ ಎಷ್ಟು ಸುಲಭವಾಗಿ ಕೈತಪ್ಪುತ್ತದೆ ಎಂಬುದರಿಂದ ಶುರುಮಾಡೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಾಗದೆ ಉಳಿದರೆ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದೂಡುತ್ತಾರೆ, ಕೊನೆಗೆ 15 ದಿನದ ಗಡುವು ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಳಕೆ ಎಂದರೆ ಕರೆ, ಡೇಟಾ, ನಾವು ಕಳಿಸುವ ಎಸ್ಸೆಮ್ಮೆಸ್ ಇತ್ಯಾದಿ. ನಮಗೆ ಬರುವ ಎಸ್ಸೆಮ್ಮೆಸ್ ಆ ಪಟ್ಟಿಯಲ್ಲಿಲ್ಲ. ತಿಂಗಳಿಗೆ ಹತ್ತು ಒಟಿಪಿ ಬಂದಿದ್ದರೂ ಲೆಕ್ಕಕ್ಕೆ ಆ ಸಿಮ್ ಮಲಗಿದೆ ಎಂದೇ ಅರ್ಥ. ಕಾಯಂ ಆಗಿ ರದ್ದಾದ ಸಂಖ್ಯೆ 90 ದಿನಗಳ ನಂತರ ಬೇರೆ ಗ್ರಾಹಕರಿಗೆ ಹೋಗಬಹುದು. ಆಮೇಲೆ ನಿವೃತ್ತ ಮೇಷ್ಟ್ರ ಪಿಂಚಣಿ ಜಮೆಯಾದ ಸಂದೇಶ, ಅವರ ಠೇವಣಿಯ ಒಟಿಪಿ, ಊರಿನ ತಂಗಿಯ ಹಬ್ಬದ ಶುಭಾಶಯ, ಮೂರೂ ಯಾರೋ ಅಪರಿಚಿತರ ಫೋನಿಗೆ ಬೀಳುತ್ತವೆ. ರದ್ದಾದ ಸಂಖ್ಯೆಗಳ ಪಟ್ಟಿ ನೋಡಿ ತಮ್ಮ ದಾಖಲೆ ಶುದ್ಧಮಾಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಒಳ್ಳೆಯದೇ. ಆದರೆ ಖಾತೆಯಿಂದ ಹಳೆಯ ಸಂಖ್ಯೆ ತೆಗೆದುಹಾಕಿದ ಮೇಲೆ ಹೊಸದನ್ನು ಸೇರಿಸಲು ಶಾಖೆಗೇ ಬನ್ನಿ ಎಂದರೆ, ವ್ಯಾಂಕೂವರ್‌ನಲ್ಲಿ ಮಂಡಿನೋವಿನಿಂದ ಮಲಗಿರುವವರು ಬರುವುದು ಹೇಗೆ?

ರೀಚಾರ್ಜ್ ತಪ್ಪದೆ ಮಾಡಿಸುತ್ತೇವೆ ಎನ್ನುವ ಜಾಗರೂಕ ಮಕ್ಕಳಿಗೂ ತೊಡಕು ತಪ್ಪಿದ್ದಲ್ಲ. ಮೊದಲನೆಯದಾಗಿ, ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಬೇಕಾದದ್ದು ಇಲ್ಲಿಂದ ಹೊರಡುವ ಮುಂಚೆ. ಅಲ್ಲಿಗೆ ಹೋಗಿ ಇಳಿದ ಮೇಲೆ ನೆನಪಾದರೆ, ಎಷ್ಟೋ ಸಲ ಅದನ್ನು ಚಾಲೂ ಮಾಡಲೂ ಒಟಿಪಿ ಬೇಕು, ಒಟಿಪಿ ಬರಲು ರೋಮಿಂಗ್ ಬೇಕು. ಎರಡನೆಯದು ಫೋನಿನದೇ ಸಮಸ್ಯೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ, ಆಸ್ಟ್ರೇಲಿಯಾದವು 2024ರಲ್ಲಿ 3ಜಿ ಮುಚ್ಚಿದವು. ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಸಾಗಿಸುವ ಸೌಲಭ್ಯ, ಇಲ್ಲದ ಹಳೆಯ ಗುಂಡಿ ಫೋನು ಅಲ್ಲಿ ಬಹುತೇಕ ಸಿಗ್ನಲ್ಲನ್ನೇ ಹಿಡಿಯುವುದಿಲ್ಲ. ಸರಿ, ಹೊಸ ಫೋನು ಕೊಡಿಸೋಣ ಎಂದರೆ, ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ 2022ರ 14ನೇ ಮಾದರಿಯಿಂದ ಸಿಮ್ ಹಾಕುವ ತಟ್ಟೆಯೇ ಇಲ್ಲ. ಊರಿಂದ ತಂದ ಪ್ಲಾಸ್ಟಿಕ್ ಸಿಮ್ಮನ್ನು ಫೋನಿನೊಳಗೇ ಕೂರುವ ಇ-ಸಿಮ್‌ಗೆ ಬದಲಿಸಬೇಕು, ಆ ಬದಲಾವಣೆಗೆ ಒಪ್ಪಿಗೆ ಹಳೆಯ ಸಿಮ್ಮಿನಿಂದಲೇ ಹೋಗಬೇಕು, ಅಂದರೆ ಹಳೆಯ ಫೋನು ಅಲ್ಲಿ ಕೆಲಸ ಮಾಡುತ್ತಿರಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಫೋನು ಕಳೆದುಹೋದರೆ ನಕಲು ಸಿಮ್ ಸಿಗುವುದು ಭಾರತದಲ್ಲಿ, ಖುದ್ದಾಗಿ ಹಾಜರಾಗಿ ಗುರುತು ತೋರಿಸಿದವರಿಗೆ ಮಾತ್ರ. ಅದಾದ ಮೇಲೂ 24 ಗಂಟೆ ಎಸ್ಸೆಮ್ಮೆಸ್ ಬಂದ್. ಸಿಮ್ ಕದಿಯುವ ವಂಚಕರನ್ನು ತಡೆಯಲು ಮಾಡಿದ ಈ ಬಿಗಿ ಅವಶ್ಯವೇ, ಅದನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಟೊರಾಂಟೊದ ಬಸ್ಸಿನಲ್ಲಿ ಫೋನು ಬಿಟ್ಟುಬಂದವರಿಗೆ ವಿಮಾನದ ಟಿಕೆಟ್ಟಲ್ಲದೆ ಬೇರೆ ದಾರಿಯೇ ಇರಬಾರದೇ ಎಂಬುದಷ್ಟೇ ಪ್ರಶ್ನೆ.

ಇಷ್ಟೆಲ್ಲ ಕಾಟ ಬೇಡವೆಂದು ಬಹುಪಾಲು ಕುಟುಂಬಗಳು ಒಂದು ಉಪಾಯ ಕಂಡುಕೊಂಡಿವೆ. ಸಿಮ್ಮನ್ನು ಊರಿನಲ್ಲೇ ಇರುವ ಮಗನ, ಸೊಸೆಯ ಅಥವಾ ತಮ್ಮನ ಫೋನಿಗೆ ಹಾಕಿಬಿಡುವುದು. ಅಪ್ಪ ಅಲ್ಲಿ ಬ್ಯಾಂಕಿನ ಆ್ಯಪ್ ತೆರೆಯುತ್ತಾರೆ, ಒಟಿಪಿ ಇಲ್ಲಿ ಬರುತ್ತದೆ, ಮಗ ಅದನ್ನು ವಾಟ್ಸಾಪಿನಲ್ಲಿ ದಾಟಿಸುತ್ತಾನೆ. ಬೆಂಗಳೂರಿಗೂ ಅಮೆರಿಕದ ಪಶ್ಚಿಮ ಕರಾವಳಿಗೂ ಹೆಚ್ಚುಕಡಿಮೆ ಅರ್ಧ ದಿನದ ಅಂತರ. ಒಟಿಪಿಯ ಆಯುಸ್ಸು ಕೆಲವೇ ನಿಮಿಷ. ಹೀಗಾಗಿ ಬೇಗನೆ ಎರಡನೇ ಹೆಜ್ಜೆಯೂ ಬೀಳುತ್ತದೆ: 'ಪಾಸ್‌ವರ್ಡ್ ನನಗೇ ಕೊಟ್ಟುಬಿಡಿ ಅಪ್ಪಾ, ನಾನೇ ಮಾಡಿಬಿಡ್ತೀನಿ.'

ರಿಸರ್ವ್ ಬ್ಯಾಂಕಿನವರೇ, ನಿಮ್ಮ ಜಾಹೀರಾತುಗಳು ಹತ್ತಾರು ಭಾಷೆಗಳಲ್ಲಿ ಒಟಿಪಿಯನ್ನು ಯಾರಿಗೂ ಹೇಳಬೇಡಿ ಎನ್ನುತ್ತವೆ. ನಿಮ್ಮ ಅಧೀನದ ವ್ಯವಸ್ಥೆ ಈ ವೃದ್ಧರಿಗೆ ದಿನನಿತ್ಯ ಒಟಿಪಿ ಹೇಳುವುದನ್ನೇ ಅಭ್ಯಾಸ ಮಾಡಿಸುತ್ತಿದೆ. ಹತ್ತು ಸಲ ಮಗನ ಸಂದೇಶಕ್ಕೆ ಸಂಖ್ಯೆ ಕೊಟ್ಟು ರೂಢಿಯಾದವರು ಹನ್ನೊಂದನೇ ಸಲ ಮಗನ ಹೆಸರಿನ, ಮಗನ ಫೋಟೊದ ಹೊಸ ಸಂಖ್ಯೆಯಿಂದ ಬಂದ ಸಂದೇಶಕ್ಕೂ ಕೊಡುತ್ತಾರೆ. ಕೊಟ್ಟ ಮೇಲೆ ಅವರಿಗೆ ಕಾನೂನಿನ ಆಸರೆಯೂ ಇಲ್ಲ. ಗ್ರಾಹಕರ ಹೊಣೆಯ ಬಗ್ಗೆ 2017ರ ಜುಲೈ 6ರಂದು ನೀವು ಹೊರಡಿಸಿದ ಸುತ್ತೋಲೆಯಲ್ಲಿ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಆದರೆ ಗುಟ್ಟಿನ ವಿವರವನ್ನು ತಾವೇ ಹಂಚಿಕೊಂಡಿದ್ದರೆ, ದೂರು ಕೊಡುವವರೆಗಿನ ಪೂರ್ತಿ ನಷ್ಟ ಅವರದೇ. ಬೇರೆ ದಾರಿಯಿಲ್ಲದೆ ಹಂಚಿಕೊಂಡವರಿಗೂ, ಉಡಾಫೆಯಿಂದ ಹಂಚಿಕೊಂಡವರಿಗೂ ಅಲ್ಲಿ ವ್ಯತ್ಯಾಸವಿಲ್ಲ.

ಇದರ ಇನ್ನೊಂದು ಮುಖವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಿಮ್ ಯಾರ ಕೈಯಲ್ಲಿದೆಯೋ ಖಾತೆಯೂ ಅವರದ್ದೇ ಆಗಿಬಿಡುತ್ತದೆ. ಒಡಹುಟ್ಟಿದವರ ನಡುವೆ ಅನುಮಾನ ಹುಟ್ಟುವುದು ಇಲ್ಲಿಂದಲೇ. ಠೇವಣಿ ಮುರಿದದ್ದು ಅಪ್ಪ ಹೇಳಿದ ಮೇಲೋ, ಹೇಳುವ ಮೊದಲೋ ಎಂದು ಯಾವ ದಾಖಲೆಯೂ ಹೇಳಲಾರದು, ದಾಖಲೆಯಲ್ಲಿ ಎಲ್ಲವನ್ನೂ ಅಪ್ಪನೇ ಮಾಡಿರುತ್ತಾರೆ. ವಿಚಿತ್ರವೆಂದರೆ ಕುಟುಂಬದವರು ನೆರವಾಗಲು ನೇರವಾದ ಕಾನೂನು ದಾರಿ ಆಗಲೇ ಇದೆ. ಎನ್‌ಆರ್‌ಒ ಖಾತೆಗೆ (ವಿದೇಶವಾಸಿಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ರೂಪಾಯಿ ಖಾತೆ) ಭಾರತದಲ್ಲಿರುವ ಒಬ್ಬರನ್ನು ಅಧಿಕಾರಪತ್ರದ ಮೂಲಕ ನೇಮಿಸಬಹುದು. ಅವರು ಇಲ್ಲಿನ ರೂಪಾಯಿ ಪಾವತಿಗಳನ್ನು ಮಾಡಬಹುದು, ಖಾತೆದಾರರ ಚಾಲ್ತಿ ಆದಾಯವನ್ನು ಖಾತೆದಾರರಿಗೇ ಹೊರದೇಶಕ್ಕೆ ಕಳಿಸಬಹುದು. ಖಾತೆದಾರರ ಪರವಾಗಿ ಯಾರಿಗೂ ಉಡುಗೊರೆ ಕೊಡುವಂತಿಲ್ಲ. 'ಮೊದಲಿನವರು ಅಥವಾ ಬದುಕುಳಿದವರು' ಎಂಬ ಷರತ್ತಿನಲ್ಲಿ ಭಾರತದಲ್ಲಿರುವ ಹತ್ತಿರದ ಸಂಬಂಧಿಯನ್ನು ಜಂಟಿಯಾಗಿಯೂ ಸೇರಿಸಬಹುದು. ಎಷ್ಟು ಚೊಕ್ಕಟವಾದ ಏರ್ಪಾಡು! ಆದರೆ ಅಧಿಕಾರ ಪಡೆದವರಿಗೆ ಪ್ರತ್ಯೇಕ ಲಾಗಿನ್, ಪ್ರತ್ಯೇಕ ಒಟಿಪಿ ಸಿಗದಿದ್ದರೆ ಆ ಕಾಗದ ಚೆಕ್ಕಿಗೆ ಸಹಿ ಹಾಕಲಷ್ಟೇ ಉಪಯೋಗ. ಕಾನೂನು ಕೊಟ್ಟ ದಾರಿಗಿಂತ ಸಿಮ್ ಕೊಟ್ಟುಬಿಡುವುದೇ ಸುಲಭವಾದಾಗ ಜನ ಸಿಮ್ಮನ್ನೇ ಕೊಡುತ್ತಾರೆ.

ಎಸ್ಸೆಮ್ಮೆಸ್ಸೇ ಆಗಬೇಕೆಂದು ಈಗ ಯಾವ ನಿಯಮವೂ ಹಠ ಹಿಡಿದಿಲ್ಲ. ಡಿಜಿಟಲ್ ಪಾವತಿಗಳ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದ ನಿರ್ದೇಶನದಲ್ಲಿ ಕೇಳಿರುವುದು ಎರಡು ಬಗೆಯ ದೃಢೀಕರಣ, ಅದರಲ್ಲಿ ಒಂದು ಆಯಾ ವ್ಯವಹಾರಕ್ಕೇ ಹುಟ್ಟುವಂಥದ್ದು. ದೃಢೀಕರಣ ಎಂದರೆ ಫೋನಿನಲ್ಲೇ ತಯಾರಾಗುವ ಟೋಕನ್ ಆಗಬಹುದು, ಕೈಯಲ್ಲಿ ಹಿಡಿಯುವ ಸಣ್ಣ ಸಾಧನವಾಗಬಹುದು, ಬೆರಳಚ್ಚಾಗಬಹುದು. ಆದಾಯ ತೆರಿಗೆ ಜಾಲತಾಣ ಒಟಿಪಿಯನ್ನು ಇಮೇಲಿಗೂ ಕಳಿಸುತ್ತದೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಯುಪಿಐ ವಿಷಯದಲ್ಲೂ ಅದನ್ನು ನಡೆಸುವ ಎನ್‌ಪಿಸಿಐ 2023ರ ಜನವರಿಯಲ್ಲೇ ಸಿಂಗಪುರ, ಆಸ್ಟ್ರೇಲಿಯಾ, ಕೆನಡಾ, ಹಾಂಗ್‌ಕಾಂಗ್, ಒಮಾನ್, ಕತಾರ್, ಅಮೆರಿಕ, ಸೌದಿ ಅರೇಬಿಯಾ, ಯುಎಇ, ಬ್ರಿಟನ್ ಈ ಹತ್ತು ದೇಶಗಳ ಸಂಖ್ಯೆಗಳಿಗೆ ವಿದೇಶವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಜೋಡಿಸಲು ಒಪ್ಪಿತು. ಅಂದರೆ ತಂತ್ರಜ್ಞಾನ ಇದೆ, ಅನುಮತಿಯೂ ಇದೆ. ಶಾಖೆಯ ಕೌಂಟರಿನಲ್ಲಿ ಮಾತ್ರ 'ಇಂಡಿಯನ್ ನಂಬರ್ ಕೊಡಿ ಸಾರ್, ಸಿಸ್ಟಮ್ ತಗೊಳ್ಳಲ್ಲ' ಎಂಬ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು-ವಿಳಾಸದ ಪರಿಶೀಲನೆಯಲ್ಲಿ, ತೊಡಕು ಕೌಂಟರಿನದ್ದಲ್ಲ, ನಿಯಮದ್ದೇ. ವಿಡಿಯೊ ಮೂಲಕ ಗ್ರಾಹಕರನ್ನು ಗುರುತಿಸುವ ವ್ಯವಸ್ಥೆಯಲ್ಲಿ ಗ್ರಾಹಕರು ಭಾರತದೊಳಗೇ ಇದ್ದಾರೆಂದು ಖಾತ್ರಿಯಾಗಬೇಕು, ಹೊರದೇಶದ ಐಪಿ ವಿಳಾಸದಿಂದ ಬರುವ ಸಂಪರ್ಕವನ್ನು ತಡೆಯಬೇಕು. ಹೊಸ ಖಾತೆ ತೆರೆಯುವವರಿಗೆ ಈ ಕಟ್ಟುನಿಟ್ಟು ಇರಲಿ. ಮೂವತ್ತು ವರ್ಷ ಅದೇ ಬ್ಯಾಂಕಿನಲ್ಲಿ ಸಂಬಳ, ಆಮೇಲೆ ಪಿಂಚಣಿ ಪಡೆದವರ ಕೆವೈಸಿ ನವೀಕರಿಸಲೂ ಅದೇ ಗೋಡೆಯೇ? ವಿಡಿಯೊ ಕರೆಯಿಂದ ಸಲೀಸಾಗಿ ಅನುಕೂಲ ಪಡೆಯಬಹುದಾದವರು ಶಾಖೆಗೆ ಬರಲಾಗದವರು. ಅವರನ್ನೇ ಹೊರಗಿಟ್ಟಿದ್ದೇವೆ. ಉಳಿಯುವುದು ಪಾಸ್‌ಪೋರ್ಟ್ ಪ್ರತಿಗೆ ನೋಟರಿಯಿಂದಲೋ ರಾಯಭಾರ ಕಚೇರಿಯಿಂದಲೋ ದೃಢೀಕರಣ ಮಾಡಿಸಿ ಕೊರಿಯರ್ ಮಾಡುವುದು. ಸಹಿ ನಡುಗಿ ಹಳೆಯ ಸಹಿಗೆ ಹೊಂದದಿದ್ದರೆ ಆ ಲಕೋಟೆಯೂ ವಾಪಸ್. ಎಂಬತ್ತರ ಕೈ ನಡುಗುತ್ತದೆ ಎಂಬುದನ್ನು ಯಾವ ಅರ್ಜಿ ನಮೂನೆಯೂ ಊಹಿಸಿಲ್ಲ.

ಈಗ ಜೀವಿತ ಪ್ರಮಾಣಪತ್ರದ ಮಾತು. ಪಿಂಚಣಿ ಇಲಾಖೆಗೆ ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2014ರ ನವೆಂಬರ್ 10ರಂದು ಶುರುವಾದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ, 2021ರ ನವೆಂಬರ್‌ನಲ್ಲಿ ಬಂದ ಮುಖ ಗುರುತಿಸುವ ವಿಧಾನ, ಇವೆರಡರಿಂದ ಬೆರಳಚ್ಚು ಸವೆದ ಲಕ್ಷಾಂತರ ಜನರಿಗೆ ಉಪಕಾರವಾಗಿದೆ. ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ, ಉಳಿದವರಿಗೆ ನವೆಂಬರ್‌ನಲ್ಲಿ ಅವಕಾಶ. ಭವಿಷ್ಯ ನಿಧಿಯ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಅಂದಿನಿಂದ ಒಂದು ವರ್ಷ ಊರ್ಜಿತ. ವಿದೇಶದಲ್ಲಿರುವವರಿಗೆ ಕಾಗದದ ದಾರಿಗಳೂ ಇವೆ. ರಿಸರ್ವ್ ಬ್ಯಾಂಕ್ ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಬ್ಯಾಂಕಿನ ಮೂಲಕ ಪಿಂಚಣಿ ಪಡೆಯುವವರಿಗೆ ಆ ಬ್ಯಾಂಕಿನ ಅಧಿಕಾರಿ ಸಹಿ ಮಾಡಬಹುದು. ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕರ್ ಅಥವಾ ಭಾರತದ ರಾಜತಾಂತ್ರಿಕ ಪ್ರತಿನಿಧಿ ಸಹಿ ಮಾಡಿದ ಪತ್ರವನ್ನು ಅಧಿಕೃತ ಪ್ರತಿನಿಧಿಯ ಕೈಯಲ್ಲಿ ಸಲ್ಲಿಸಿದರೆ ಖುದ್ದು ಹಾಜರಿ ಬೇಕಿಲ್ಲ.

ಎಡವಟ್ಟಾಗುವುದು ನಡುವಿನ ಹಂತಗಳಲ್ಲಿ. ಜೀವನ್ ಪ್ರಮಾಣ್ ಆ್ಯಪಿನಲ್ಲಿ ಪಿಂಚಣಿ ಮಂಜೂರು ಮಾಡಿದ ಪ್ರಾಧಿಕಾರ ಯಾವುದು, ಹಣ ಕೊಡುವ ಸಂಸ್ಥೆ ಯಾವುದು ಎಂದು ಪಟ್ಟಿಯಿಂದ ಆರಿಸಬೇಕು. ಒಂದನ್ನು ತಪ್ಪಾಗಿ ಒತ್ತಿದರೆ ಪ್ರಮಾಣಪತ್ರ ತಯಾರಾಗುತ್ತದೆ, ಆದರೆ ಬೇರೆ ಕಚೇರಿಗೆ ಹೋಗಿ ಬೀಳುತ್ತದೆ. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೂ ಕಗ್ಗಂಟು. ಮುಖ ತೋರಿಸುವಾಗ ಬೆನ್ನ ಹಿಂದೆ ಕಿಟಕಿಯಿದ್ದರೆ, ಕನ್ನಡಕದ ಮೇಲೆ ದೀಪ ಹೊಳೆದರೆ, ರೆಪ್ಪೆ ಮಿಟುಕಿಸದಿದ್ದರೆ ಕ್ಯಾಮೆರಾ ಒಪ್ಪುವುದಿಲ್ಲ. ಕಿಟಕಿಯತ್ತ ಮುಖ ಮಾಡಿ, ಕನ್ನಡಕ ತೆಗೆದು, ಫೋನನ್ನು ಬೇರೆಯವರು ಹಿಡಿದರೆ ಬಹುತೇಕ ಆಗಿಬಿಡುತ್ತದೆ. ಇಷ್ಟಾದ ಮೇಲೆ ಪ್ರಮಾಣ್ ಐಡಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಪ್ರಮಾಣಪತ್ರ ತಯಾರಾಯಿತು ಎಂಬುದೇ ಪಿಂಚಣಿ ಕಚೇರಿ ಒಪ್ಪಿತು ಎಂಬುದಲ್ಲ. ತಿರಸ್ಕಾರವಾಗಿದ್ದರೆ ಎಷ್ಟೋ ಸಲ ಗೊತ್ತಾಗುವುದು ಪಿಂಚಣಿ ನಿಂತ ಮೇಲೆ. ಆಮೇಲೆ ಪ್ರಮಾಣಪತ್ರ ಕೊಟ್ಟರೆ ಬಾಕಿ ಸಮೇತ ಸಿಗುತ್ತದೆ ನಿಜ, ಆದರೆ ಅಷ್ಟು ತಿಂಗಳು ಔಷಧಿಗೆ ಅಳಿಯನ ಮುಂದೆ ಕೈಯೊಡ್ಡಿದ ಮುಜುಗರಕ್ಕೆ ಬಾಕಿ ಸಿಗುವುದಿಲ್ಲ.

ಕಾನ್ಸುಲೇಟಿಗೆ ಹೋಗಿ ಸಹಿ ಹಾಕಿಸಿಕೊಳ್ಳಲಿ ಎನ್ನುವುದು ಸುಲಭ. ಕೆನಡಾದಷ್ಟು ವಿಶಾಲ ದೇಶದಲ್ಲಿ ನಮ್ಮ ಕಚೇರಿಗಳು ಇರುವುದು ಒಟ್ಟಾವ, ಟೊರಾಂಟೊ, ವ್ಯಾಂಕೂವರ್ ಈ ಮೂರು ಊರುಗಳಲ್ಲಿ. ವಿನ್ನಿಪೆಗ್‌ನಲ್ಲಿರುವವರಿಗೆ ನವೆಂಬರ್ ಹಿಮದಲ್ಲಿ ಯಾವುದೂ ಹತ್ತಿರವಲ್ಲ. ಹಲವು ಕಚೇರಿಗಳು ನವೆಂಬರ್‌ನಲ್ಲಿ ಶಿಬಿರ ನಡೆಸುತ್ತವೆ, ಅದು ನಿಜಕ್ಕೂ ಉಪಕಾರ. ದಿನಾಂಕ ಕೊನೇ ವಾರದಲ್ಲಿ ಗೊತ್ತಾದರೆ ಮಾತ್ರ ಆ ಉಪಕಾರ ಕೈಗೆ ಸಿಗುವುದಿಲ್ಲ.

ನವೆಂಬರ್ ಎಂದರೆ ವಂಚಕರಿಗೂ ಸುಗ್ಗಿ. ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡಿಕೊಡುತ್ತೇವೆಂದು ಕರೆ ಬರುತ್ತದೆ, ಪಿಪಿಒ ಸಂಖ್ಯೆ, ನಿವೃತ್ತಿಯ ದಿನಾಂಕ ಎಲ್ಲ ಅವರೇ ಹೇಳುತ್ತಾರೆ, ಕೊನೆಗೆ ಕೇಳುವುದು ಒಟಿಪಿ ಒಂದನ್ನೇ. ಇತ್ತೀಚೆಗೆ ನಮ್ಮ ರಾಯಭಾರ ಕಚೇರಿಗಳ ದೂರವಾಣಿ ಸಂಖ್ಯೆಯನ್ನೇ ಪರದೆಯ ಮೇಲೆ ಮೂಡಿಸಿ, ಪಾಸ್‌ಪೋರ್ಟಿನಲ್ಲಿ ದೋಷವಿದೆ, ವೀಸಾ ರದ್ದಾಗುತ್ತದೆ ಎಂದು ಹೆದರಿಸುವವರ ಬಗ್ಗೆ ರಾಯಭಾರ ಕಚೇರಿಗಳೇ ಎಚ್ಚರಿಕೆ ಕೊಟ್ಟಿವೆ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದೊಂದು ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಹೇಳಿದರು. ಆದರೂ ಪರದೇಶದಲ್ಲಿ, ಹಗಲಿಡೀ ಮನೆಯಲ್ಲಿ ಒಂಟಿಯಾಗಿರುವ ವೃದ್ಧರಿಗೆ ಆ ದೇಶದ ಪೊಲೀಸರ ಭಯ, ಮಕ್ಕಳ ವೀಸಾಕ್ಕೆ ತೊಂದರೆಯಾದೀತೆಂಬ ಭಯ ಎರಡೂ ಸೇರಿರುತ್ತವೆ. ಮೋಸ ಗೊತ್ತಾದ ಮೇಲೆ ಮೊದಲ ಗಂಟೆಗಳಲ್ಲಿ ಹಣ ತಡೆಹಿಡಿಯುವುದು ಸಾಧ್ಯ. ಅದಕ್ಕಿರುವ ಸೈಬರ್ ವಂಚನೆ ಸಹಾಯವಾಣಿ 1930ರಂಥ ಕಿರು ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ.

ಕುಟುಂಬದೊಂದಿಗಿನ ಕೊಂಡಿಯೂ ಈಗ ಇದೇ ಸಿಮ್ಮಿಗೆ ಬಂದು ನಿಂತಿದೆ. ಸಂದೇಶದ ಆ್ಯಪುಗಳು ನೋಂದಾಯಿತ ಸಿಮ್ ಆ ಫೋನಿನಲ್ಲಿ ಇರುವವರೆಗೆ ಮಾತ್ರ ಕೆಲಸ ಮಾಡಬೇಕು, ಕಂಪ್ಯೂಟರಿನಲ್ಲಿ ತೆರೆದದ್ದು ಆರು ಗಂಟೆಗೊಮ್ಮೆ ಮುಚ್ಚಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ನಿರ್ದೇಶಿಸಿತು. ಉದ್ದೇಶ ವಂಚಕರನ್ನು ಹಿಡಿಯುವುದು, ಒಪ್ಪಿದೆವು. ಆದರೆ ಒಟಿಪಿಗಾಗಿ ಸಿಮ್ಮನ್ನು ಊರಿನಲ್ಲಿ ಬಿಟ್ಟುಹೋದವರ ವಾಟ್ಸಾಪು ಅದೇ ಸಂಖ್ಯೆಯಲ್ಲಿದ್ದರೆ ಅವರ ಗತಿಯೇನು? ಸಿಮ್ಮನ್ನು ಜೊತೆಗೊಯ್ದರೆ ಊರಿನ ಕೆಲಸ ನಿಲ್ಲುತ್ತದೆ, ಬಿಟ್ಟುಹೋದರೆ ಊರಿನವರ ಮುಖ ಕಾಣುವುದಿಲ್ಲ. ದಿನಾ ಸಂಜೆ ಅಕ್ಕನ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುವುದೇ ಆ ಜೀವಕ್ಕೆ ಉಳಿದಿರುವ ಊರು. ತಾಂತ್ರಿಕ ನಿರ್ದೇಶನ ಬರೆಯುವಾಗ ಇದೂ ಲೆಕ್ಕಕ್ಕೆ ಬರಬೇಕು.

ಈಗ ನಮ್ಮ ಬೇಡಿಕೆಗಳು.

ರಿಸರ್ವ್ ಬ್ಯಾಂಕಿಗೆ: ಪಿಂಚಣಿ ಜಮೆಯಾಗುವ ಖಾತೆಗಳುಳ್ಳ ಪ್ರತಿ ಬ್ಯಾಂಕೂ ವಿದೇಶವಾಸಿ ಹಿರಿಯರಿಗೆ ಎಸ್ಸೆಮ್ಮೆಸ್ ಅಲ್ಲದ ಒಂದು ದೃಢೀಕರಣವನ್ನಾದರೂ ಕಡ್ಡಾಯವಾಗಿ ಕೊಡಲಿ, ಅದಕ್ಕಾಗಿ ಶಾಖೆಗೆ ಬನ್ನಿ ಎನ್ನದಿರಲಿ. ಹೊರದೇಶದ ಸಂಖ್ಯೆ ಹಾಗೂ ಇಮೇಲ್ ಎರಡಕ್ಕೂ ಎಚ್ಚರಿಕೆಯ ಸಂದೇಶ ಹೋಗಲಿ. ಅಧಿಕಾರಪತ್ರ ಪಡೆದ ಸಂಬಂಧಿಗೆ ಅವರ ಹೆಸರಿನಲ್ಲೇ ಲಾಗಿನ್, ಅವರ ಫೋನಿಗೇ ಒಟಿಪಿ, ತಿಂಗಳಿಗೆ ಇಂತಿಷ್ಟೇ ಎಂಬ ಮಿತಿ ಸಿಗಲಿ. ಆ ಮಿತಿಯನ್ನು ಖಾತೆದಾರರೇ ಗೊತ್ತುಮಾಡಲಿ. ಹಳೆಯ ಗ್ರಾಹಕರ ಕೆವೈಸಿ ನವೀಕರಣಕ್ಕೆ ಮಾತ್ರ ವಿಡಿಯೊ ನಿಯಮದಲ್ಲಿ ಹೊರದೇಶದ ಸಂಪರ್ಕಕ್ಕೆ ಅವಕಾಶವಾಗಲಿ. ಬೇಕಿದ್ದರೆ ಕಾನ್ಸುಲೇಟಿನ ಕೋಣೆಯಲ್ಲೇ ಕೂತು ಮಾಡುವ ವಿಡಿಯೊ ಕರೆಯಿಂದ ಆರಂಭಿಸಿ.

ದೂರಸಂಪರ್ಕ ಇಲಾಖೆಗೆ: ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕರೆ ಮತ್ತು ಎಸ್ಸೆಮ್ಮೆಸ್‌ಗೆಂದೇ ಪ್ರತ್ಯೇಕ ವೋಚರು, 365 ದಿನದವರೆಗಿನ ಅವಧಿ ಎರಡಕ್ಕೂ ದಾರಿ ಮಾಡಿತು. ಇನ್ನೊಂದು ಹೆಜ್ಜೆ ಮುಂದಿಡಿ. ಸಂದೇಶ ಪಡೆಯುವುದಕ್ಕಷ್ಟೇ ಇರುವ, ವರ್ಷಕ್ಕೊಮ್ಮೆ ಕಟ್ಟುವ, ವಿದೇಶದಿಂದಲೇ ನವೀಕರಿಸಬಹುದಾದ ಒಂದು ಯೋಜನೆ ಇರಲಿ. ಬರುವ ಎಸ್ಸೆಮ್ಮೆಸ್ಸನ್ನೂ ಬಳಕೆಯೆಂದು ಎಣಿಸಿ. ಕಳೆದ ಸಿಮ್ಮಿಗೆ ಬದಲಾಗಿ ಇ-ಸಿಮ್ ಪಡೆಯಲು ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಗುರುತು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಬೇಕು. 1930ಕ್ಕೆ ಹೊರದೇಶದಿಂದ ಹತ್ತುವ ಪೂರ್ಣ ಸಂಖ್ಯೆಯೊಂದನ್ನು ಗೃಹ ಸಚಿವಾಲಯದೊಂದಿಗೆ ಮಾತಾಡಿ ಪ್ರಕಟಿಸಿ.

ಗುರುತಿನ ಪ್ರಾಧಿಕಾರಕ್ಕೆ ಒಂದೇ ಮಾತು: ಆಧಾರ್ ಒಟಿಪಿ ಭಾರತೀಯ ಸಂಖ್ಯೆಗಳಿಗೆ ಮಾತ್ರ ಎಂಬ ನಿರ್ಬಂಧವಿರುವವರೆಗೆ, ನೋಂದಾಯಿತ ಇಮೇಲಿಗೂ ಅದೇ ಬೆಲೆ ಕೊಡಿ.

ಪಿಂಚಣಿ ಇಲಾಖೆ ಮತ್ತು ವಿದೇಶಾಂಗ ಸಚಿವಾಲಯ ಸೇರಿ ಮಾಡಬೇಕಾದದ್ದು ಹೆಚ್ಚು. ಪಿಂಚಣಿ ನಿಲ್ಲಿಸುವ 30 ದಿನ ಮುಂಚೆ ಇಮೇಲಿನಲ್ಲಿ ಪಿಂಚಣಿದಾರರಿಗೂ ಅವರು ಹೆಸರಿಸಿದ ಕುಟುಂಬದ ಒಬ್ಬರಿಗೂ ನೋಟಿಸು ಹೋಗಬೇಕು. ಪ್ರಮಾಣಪತ್ರ ತಿರಸ್ಕೃತವಾದರೆ ಕಾರಣ ಸಹಿತ ತಿಳಿಸಬೇಕು: ಹೆಸರು ಹೊಂದದ್ದೇ, ಕಚೇರಿ ತಪ್ಪಿದ್ದೇ, ಖಾತೆ ಸಂಖ್ಯೆ ತಪ್ಪಿದ್ದೇ. ಶಿಬಿರಗಳ ದಿನಾಂಕ ಸೆಪ್ಟೆಂಬರ್ ಕೊನೆಯೊಳಗೆ ಪ್ರಕಟವಾಗಲಿ, ಕಚೇರಿಯಿಲ್ಲದ ಊರುಗಳಿಗೂ ವರ್ಷಕ್ಕೊಮ್ಮೆ ಬರಲಿ. ನೋಟರಿ ಸಹಿ ಮಾಡಿದ ಪತ್ರ ನಡೆಯುತ್ತದೆ ಎಂಬುದು ನಿಮ್ಮ ನಿಯಮದಲ್ಲಿದೆ, ಶಾಖೆಗಳಲ್ಲಿ ಹಲವರಿಗೆ ಗೊತ್ತಿಲ್ಲ. ಒಂದು ಪುಟದ ಸ್ಪಷ್ಟ ಸೂಚನೆಯನ್ನು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಕಳಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಸಾವಿನ ವಿಷಯ ಬರೆಯಲು ಮನಸ್ಸಿಲ್ಲದಿದ್ದರೂ ಬಿಡುವಂತಿಲ್ಲ. ಪಾರ್ಥಿವ ಶರೀರವನ್ನು ತರಲು ಆ ದೇಶದ ಮರಣ ಪ್ರಮಾಣಪತ್ರ, ಶವ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ನಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ ಬೇಕು. 2023ರಿಂದ ಸರ್ಕಾರದ ಇ-ಕೇರ್ ಜಾಲತಾಣ ಶರೀರ ತರುವ ಅನುಮತಿಯನ್ನು ಬೇಗ ಕೊಡುತ್ತಿದೆ, ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಸಲೀಸು ಮಾಡಬಹುದು ಎಂಬುದಕ್ಕೆ ಸಾಕ್ಷಿ ಅದು. ಉಳಿದ ಸಂಗಾತಿಯ ಕುಟುಂಬ ಪಿಂಚಣಿಗೂ ಇಂಥದೇ ಒಂದು ಕಿಟಕಿ ವಿದೇಶದಿಂದ ತೆರೆದಿರಲಿ. ತೀರಿಕೊಂಡವರ ಫೋನಿಗೆ ಬರುವ ಒಟಿಪಿಯನ್ನು ನಂಬಿಕೊಂಡು ಆ ಅರ್ಜಿ ನಡೆಯಬಾರದು.

ಇದೆಲ್ಲ ಆಗುವವರೆಗೆ ಹೊರಡುವವರು ಏನು ಮಾಡಬೇಕೆಂದು ಕೇಳುವ ಕುಟುಂಬಗಳಿಗೂ ಇದೇ ಪತ್ರದಲ್ಲಿ ನಾಲ್ಕು ಮಾತು ಸೇರಿಸುತ್ತೇವೆ, ಅಧಿಕಾರಿಗಳು ಮನ್ನಿಸಬೇಕು. ಖಾತೆಯನ್ನು ಎನ್‌ಆರ್‌ಒ ಎಂದು ಬದಲಿಸುವುದು ಹೇಗೆ, ಯಾವಾಗ ಎಂದು ಹೊರಡುವ ಎರಡು ತಿಂಗಳ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ, ಅದೇ ಅರ್ಜಿಯಲ್ಲಿ ಇಮೇಲನ್ನೂ ಸೇರಿಸಿ. ನಾಮನಿರ್ದೇಶನ ಈಗಲೇ ಮುಗಿಸಿ, 2025ರ ನವೆಂಬರ್ 1ರಿಂದ ನಾಲ್ವರನ್ನು ಹೆಸರಿಸಬಹುದು. ಸಿಮ್ಮನ್ನು ಇ-ಸಿಮ್ ಮಾಡಿಸಿ ಹೊರದೇಶಕ್ಕೆ ಒಯ್ಯುವ ಫೋನಿನಲ್ಲೇ ಕೂರಿಸಿ, ರೋಮಿಂಗ್ ಚಾಲೂ ಮಾಡಿಸಿ, ವಿಮಾನ ಹತ್ತುವ ಮೊದಲು ಒಂದು ಒಟಿಪಿ ತರಿಸಿ ನೋಡಿ. ಅಲ್ಲಿ ಇಳಿದ ಮೇಲೆ ಎರಡು ತಿಂಗಳಿಗೊಮ್ಮೆಯಾದರೂ ಆ ಸಂಖ್ಯೆಯಿಂದ ಒಂದು ಕರೆ ಮಾಡಿ ಅಥವಾ ಎಸ್ಸೆಮ್ಮೆಸ್ ಕಳಿಸಿ. ಅಧಿಕಾರಪತ್ರವನ್ನು ಬ್ಯಾಂಕಿಗೇ ಸೀಮಿತವಾಗಿ ಬರೆಸಿ, ಆಸ್ತಿ ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿ. ವಿದೇಶದಲ್ಲಿ ಸಹಿಯಾದ ಅಧಿಕಾರಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮರೆಯಬೇಡಿ. ಹಣ ಕೇಳುವ ಯಾವ ಸಂದೇಶಕ್ಕೂ, ಅದು ಮಗನದೇ ಇರಲಿ, ಗೊತ್ತಿರುವ ಸಂಖ್ಯೆಗೆ ತಿರುಗಿ ಕರೆಮಾಡಿ ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಕೇಳಿ. ಮಗ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಾನ್ಯರೇ, ಎಂಬತ್ತು ದಾಟಿದವರ ಜೀವಿತ ಪ್ರಮಾಣಪತ್ರದ ಸಲ್ಲಿಕೆ ಅಕ್ಟೋಬರ್ 1ರಿಂದ ಶುರುವಾಗುತ್ತದೆ. ಎಲ್ಲವನ್ನೂ ಅಷ್ಟರೊಳಗೆ ಮಾಡಿ ಎನ್ನುವಷ್ಟು ಅವಸರ ನಮಗಿಲ್ಲ. ಶಿಬಿರಗಳ ದಿನಾಂಕ, ತಿರಸ್ಕಾರದ ಕಾರಣ ತಿಳಿಸುವ ಇಮೇಲ್, ನೋಟರಿ ಸಹಿಯ ಬಗ್ಗೆ ಶಾಖೆಗಳಿಗೆ ಸೂಚನೆ, ಈ ಮೂರಕ್ಕೆ ಹೊಸ ಕಾನೂನಾಗಲಿ ದೊಡ್ಡ ಖರ್ಚಾಗಲಿ ಬೇಕಿಲ್ಲ. ಅವನ್ನು ಆ ದಿನಕ್ಕೆ ಮೊದಲು ಮಾಡಿ. ಉಳಿದವುಗಳಲ್ಲಿ ಯಾವುದನ್ನು ಯಾವ ಕಚೇರಿ ವಹಿಸಿಕೊಳ್ಳುತ್ತದೆ ಎಂದು ಐವರೂ ಸೇರಿ ಒಂದು ಬಹಿರಂಗ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಗೌರವಗಳೊಂದಿಗೆ,
ವಿದೇಶದಲ್ಲಿ ನೆಲೆಸಿರುವ ಪಿಂಚಣಿದಾರರು ಮತ್ತು ಅವರ ಕುಟುಂಬಗಳ ಪರವಾಗಿ